ಮೇಲಿನ ಸಾಲಿನ ಹೆಸರು

ಚಿಲಕದ ಹಿಡಿ ಕಿತ್ತು ಕೈಗೇ ಬಂದಾಗ ಅವನಿಗೆ ಮೊದಲು ಆದದ್ದು ಗಾಬರಿಯಲ್ಲ, ಒಂಥರಾ ನಿರಾಳ. ಇನ್ನು ಸ್ವಲ್ಪ ಹೊತ್ತು ಯಾರೂ ತನ್ನನ್ನು ಏನೂ ಕೇಳುವ ಹಾಗಿಲ್ಲ ಎಂಬ ನಿರಾಳ. ಪರೀಕ್ಷೆಯ ದಿನ ಬೆಳಿಗ್ಗೆ ಜ್ವರ ಬಂದವನಿಗೆ ಆಗುವಂಥದು. ಅಂಗೈಯಲ್ಲಿ ಆ ಸಣ್ಣ ಕಬ್ಬಿಣದ ಗುಂಡು ಒದ್ದೆಯಾಗಿ ಕೂತಿತ್ತು. ಚಿಲಕದ ಸರಳು ಮಾತ್ರ ಚೌಕಟ್ಟಿನೊಳಗೆ ಹೊಕ್ಕಲ್ಲೇ ಇತ್ತು, ಮುರಿದ ಮೊನೆಯನ್ನು ಕೊಳವೆಯೊಳಗೆ ಮರೆಸಿಕೊಂಡು, ಬೆರಳಿಗೆ ಸಿಗದ ಹಾಗೆ. ಉಗುರು ಹಾಕಿ ನೋಡಿದ, ಹಲ್ಲುಜ್ಜುವ ಬ್ರಷ್ಷಿನ ಬಾಲ ಹಾಕಿ ನೋಡಿದ. ಬ್ರಷ್ಷು ಬಿಲ್ಲಿನ ಹಾಗೆ ಬಾಗಿತು. ಆಮೇಲೆ ಕಮೋಡಿನ ಮುಚ್ಚಳದ ಮೇಲೆ ಕೂತು, ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಫೋನನ್ನು ಟವೆಲ್ಲಿನಲ್ಲಿ ಒರೆಸಿ ಕೈಗೆ ತೆಗೆದುಕೊಂಡ. ನಿಜ ಹೇಳಬೇಕೆಂದರೆ ಅವನು ಬಂದದ್ದೇ ಅದಕ್ಕೆ. ಸ್ನಾನ ನೆಪ. ನಿನ್ನೆ ಸಂಜೆ ಕಳಿಸಿದ್ದನ್ನು ಇನ್ನೊಂದು ಸಲ ನೋಡಬೇಕಿತ್ತು, ಯಾರೂ ತನ್ನ ಮುಖ ನೋಡದ ಜಾಗದಲ್ಲಿ.

“ಅಳಿಯಂದ್ರೇ, ಒಳಗಿದ್ದೀರಾ?”

“ಇದ್ದೀನಿ ಮಾವ.”

“ನೀರಿನ ಸದ್ದು ನಿಂತು ತುಂಬಾ ಹೊತ್ತಾಯ್ತು. ಅದಕ್ಕೇ ಕೇಳ್ದೆ.”

“ಚಿಲಕ ಕಿತ್ಕೊಂಡ್ ಬಂತು.”

ಹೊರಗೆ ಮಾವನ ಚಪ್ಪಲಿ ಒಂದು ಹೆಜ್ಜೆ ಹತ್ತಿರ ಬಂತು. “ಯಾವ ಚಿಲಕ? ನೀವು ಸರಿಮಾಡ್ತೀನಿ ಅಂದಿದ್ರಲ್ಲ, ಅದಾ?”

“ಅದೇ.”

“ಹ್ಞೂಂ. ಇರಲಿ. ಗಾಳಿ ಬರುತ್ತಲ್ಲ?”

“ಬರುತ್ತೆ.”

ಮಾವನ ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಆ ಚಿಲಕ ಎಷ್ಟೋ ತಿಂಗಳಿಂದ ಸಡಿಲವಾಗಿ, ಮನೆಯ ಮೂವರೂ ಅದರ ಮರ್ಜಿ ಕಲಿತುಬಿಟ್ಟಿದ್ದರು: ಭುಜದಿಂದ ಬಾಗಿಲನ್ನು ಒಂಚೂರು ಎತ್ತಿ, ಉಸಿರು ಹಿಡಿದು, ಎಳೆಯಬೇಕು. ಈ ಭಾನುವಾರ ಸರಿಮಾಡುತ್ತೇನೆ ಎಂದು ಅವನು ಅಂದದ್ದು, ಹೆಂಡತಿ ಅದಕ್ಕೆ, “ಊರೋರ ತೇಪೆಯೆಲ್ಲಾ ಹಾಕ್ತೀಯ, ಮನೆ ಚಿಲಕಕ್ಕೆ ಮಾತ್ರ ಮುಹೂರ್ತ ಕೂಡಿ ಬರಲ್ಲ” ಎಂದದ್ದು, ಮಾವ ಪೇಪರಿನಿಂದ ತಲೆ ಎತ್ತದೆ ಕೇಳಿಸಿಕೊಂಡದ್ದು, ಎಲ್ಲ ಅವನಿಗೆ ನೆನಪಿತ್ತು. ಮನೆ ಮಾವನದು. ಡ್ರಾಯಿಂಗ್ ಮಾಸ್ತರಾಗಿ ನಿವೃತ್ತರಾದ ಮಾವ ಬಾಗಿಲಿನ ಹೆಸರಿನ ಹಲಗೆಯನ್ನು ತಾವೇ ಬರೆದಿದ್ದರು, ಒಂದೊಂದು ಅಕ್ಷರಕ್ಕೂ ಎರಡೆರಡು ಸಲ ಬಣ್ಣ ಕೊಟ್ಟು. ಮದುವೆಯಾದ ಹೊಸತರಲ್ಲಿ, “ಸದ್ಯಕ್ಕೆ ಇಲ್ಲೇ ಇರಿ, ಹಲಗೇಲಿ ಕೆಳಗೆ ಜಾಗ ಬಿಟ್ಟಿದ್ದೀನಿ, ನಿಮ್ಮಿಬ್ಬರ ಹೆಸರೂ ಬರೀತೀನಿ” ಎಂದಿದ್ದರು. ಆ ಜಾಗ ಇನ್ನೂ ಹಾಗೇ ಇತ್ತು. ಯಾರೂ ಕೇಳಲಿಲ್ಲ, ಯಾರೂ ಬರೆಯಲಿಲ್ಲ. ಮನೆಗೆ ಪಾರ್ಸೆಲ್ ತರುವವನು ಪ್ರತಿ ಸಲವೂ ಹಲಗೆ ಓದಿ, ಅವನ ಮುಖ ನೋಡಿ, ಮತ್ತೆ ಹಲಗೆ ಓದುತ್ತಿದ್ದ. ಅಳಿಯ ಎಂದು ಅವನು ಹೇಳಿದ ಮೇಲೆ ಪೊಟ್ಟಣ ಕೊಡುತ್ತಿದ್ದ.

ಫೋನಿನಲ್ಲಿ ಮೇಲಿಂಗ್ ಲಿಸ್ಟು ತೆರೆಯಿತು. ಅದು ಜಗತ್ತಿಗೆಲ್ಲ ತೆರೆದಿಟ್ಟ ಅಂಚೆಪೆಟ್ಟಿಗೆಯ ಹಾಗೆ. ಯಾರು ಬೇಕಾದರೂ ಬರೆಯಬಹುದು, ಬರೆದದ್ದು ಎಲ್ಲರಿಗೂ ತಲುಪುತ್ತದೆ, ಒಮ್ಮೆ ಬಿದ್ದದ್ದನ್ನು ಯಾರೂ ವಾಪಸ್ ತೆಗೆಯುವ ಹಾಗಿಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗಿನ ಆ ದೊಡ್ಡ ತಂತ್ರಾಂಶದಲ್ಲಿ ಏನಾದರೂ ತಿದ್ದಬೇಕೆಂದರೆ, ತಿದ್ದಿದ್ದನ್ನು ಪ್ಯಾಚ್, ಅಂದರೆ ತೇಪೆ, ಮಾಡಿ ಅಲ್ಲಿಗೆ ಮೇಲ್ ಹಾಕಬೇಕು. ಆಯಾ ಭಾಗವನ್ನು ನೋಡಿಕೊಳ್ಳುವ ಮೇಂಟೇನರ್ ಓದಿ, ಕೊಕ್ಕೆ ಹಾಕಿ, ಮತ್ತೆ ತಿದ್ದಿಸಿ, ಒಪ್ಪಿಗೆಯಾದವನ್ನು ಒಂದು ಕಂತೆ ಕಟ್ಟಿ ಮೇಲಿನವರಿಗೆ ಕಳಿಸುತ್ತಾನೆ. ಅವನ ಪಾಲಿಗೆ ಬಂದದ್ದು ಆ ಮಹಾವೃಕ್ಷದ ಒಂದು ಎಲೆ: ಬ್ರೈಲ್ ಪಟ್ಟಿಯ ಭಾಗ. ಕೀಲಿಮಣೆಯ ಕೆಳಗೆ ಇಡುವ ಉದ್ದನೆಯ ಪಟ್ಟಿ ಅದು. ತೆರೆಯ ಮೇಲಿನ ಸಾಲು ಅದರಲ್ಲಿ ಸಣ್ಣ ಸಣ್ಣ ಮೊಳೆಗಳಾಗಿ ಎದ್ದು ಬರುತ್ತದೆ, ಕಣ್ಣಿಲ್ಲದವರು ಬೆರಳಾಡಿಸಿ ಓದುತ್ತಾರೆ. ಅವನಿಗೆ ಕಣ್ಣಿತ್ತು. ಹಿಂದಿನ ಮೇಂಟೇನರ್ ಒಂದು ದಿನ ಉತ್ತರ ಕೊಡುವುದನ್ನು ನಿಲ್ಲಿಸಿದ್ದ, ಇವನು ಉತ್ಸಾಹದಲ್ಲಿ ಯಾರದೋ ಪ್ರಶ್ನೆಗೆ ಉತ್ತರ ಬರೆದಿದ್ದ. ಅಷ್ಟೇ, ಬಸ್ಸಿನಲ್ಲಿ ಯಾರದೋ ಮಗುವನ್ನು ಒಂದು ನಿಮಿಷ ಎತ್ತಿಕೊಂಡ ಹಾಗೆ. ಮಗುವಿನ ತಾಯಿ ಯಾವ ನಿಲ್ದಾಣದಲ್ಲಿ ಇಳಿದಳೋ ಗೊತ್ತಾಗಲಿಲ್ಲ. ಹಗಲು ಅವನಿಗೆ ಬೇರೆ ನೌಕರಿಯಿತ್ತು, ಆಸ್ಪತ್ರೆಗಳ ಟೋಕನ್ ಯಂತ್ರಗಳನ್ನು ನೋಡಿಕೊಳ್ಳುವ ಆಫೀಸಿನಲ್ಲಿ. ಅಲ್ಲಿನ ಮ್ಯಾನೇಜರ್ ಇದನ್ನು ‘ನಿಮ್ಮ ಸಮಾಜಸೇವೆ’ ಎನ್ನುತ್ತಿದ್ದ. ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಹೆಂಡತಿ ಮಾತಾಡುತ್ತಿರುವಾಗ ಹ್ಞೂಂಗುಟ್ಟುತ್ತ, ಅವನು ಬೇರೆಯವರು ಬರೆದದ್ದನ್ನು ಓದಿ ತಪ್ಪು ಹುಡುಕುತ್ತಿದ್ದ. ತಾನಾಗಿ ಒಂದು ಸಾಲು ಬರೆದು ಬಹಳ ಕಾಲವಾಗಿತ್ತು.

ಕಂತೆ ಇನ್ನೂ ಹಾಗೇ ಇತ್ತು. ದೊಡ್ಡಪ್ಪ ಅದನ್ನು ಮುಟ್ಟಿರಲಿಲ್ಲ.

ದೊಡ್ಡಪ್ಪ ಎಂದರೆ ಮೇಲಿನವನು. ಆ ಹೆಸರು ಇವನೇ ಇಟ್ಟದ್ದು, ಹೆಂಡತಿಯ ಹತ್ತಿರ ಮಾತ್ರ ಬಳಸುತ್ತಿದ್ದ. ಎಂದೂ ನೋಡದ, ದನಿ ಕೇಳದ ಆ ಮನುಷ್ಯನಿಗೆ ಅವನು ಮನೆಯ ಹಿರಿಯರಿಗೆ ಹೆದರುವ ಹಾಗೆ ಹೆದರುತ್ತಿದ್ದ. ಒಂದು ಸಲ, ಅವಸರದಲ್ಲಿ, ಪರೀಕ್ಷಿಸಿ ನೋಡದ ಪ್ಯಾಚೊಂದನ್ನು ಕಂತೆಯಲ್ಲಿ ಸೇರಿಸಿದ್ದಕ್ಕೆ ದೊಡ್ಡಪ್ಪ ಲಿಸ್ಟಿನಲ್ಲೇ ಬರೆದಿದ್ದ: ‘ಇದನ್ನು ಕಳಿಸುವ ಮುಂಚೆ ಓದಿದಿರಾ? ಓದದೆ ಕಳಿಸುವುದಾದರೆ ನೀವು ಯಾಕೆ, ಪೋಸ್ಟ್‌ಮ್ಯಾನ್ ಸಾಕಲ್ಲ?’ ಇವನ ಹೆಸರು ಹಾಕಿ ಯಾರು ಎಲ್ಲಿ ಹುಡುಕಿದರೂ ಮೊದಲು ಏಳುವುದು ಆ ಮಾತೇ. ಆಮೇಲೊಂದು ಸಂದರ್ಶನದಲ್ಲಿ ಮೇಜಿನ ಆಚೆ ಕೂತವರಲ್ಲಿ ಒಬ್ಬ, ಬಾಯಿ ಒರೆಸಿಕೊಳ್ಳುತ್ತ, “ನೀವು ಪೋಸ್ಟ್‌ಮ್ಯಾನ್ ಅಲ್ವಾ?” ಎಂದಿದ್ದ. ಎಲ್ಲರೂ ನಕ್ಕರು. ಇವನೂ ನಕ್ಕ. ಆ ತನ್ನ ನಗುವನ್ನು ನೆನೆದಾಗಲೆಲ್ಲ, ಬಸ್ಸಿನಲ್ಲಾಗಲಿ ಊಟದ ಮೇಜಿನಲ್ಲಾಗಲಿ, ಗಂಟಲಿನಿಂದ ಸಣ್ಣದೊಂದು ಸದ್ದು ಹೊರಡುತ್ತಿತ್ತು. ಈಗಲೂ ಹೊರಟಿತು.

“ಏನಂದ್ರಿ?”

“ಏನಿಲ್ಲ ಮಾವ. ಕೆಮ್ಮು.”

“ಬಡಗಿಗೆ ಫೋನ್ ಹಚ್ತಿದ್ದೀನಿ. ತಗೊಳ್ತಾ ಇಲ್ಲ ಮಹಾನುಭಾವ.”

ಕಂತೆಯ ಮೂರನೆಯ ಪ್ಯಾಚ್ ತೆರೆದ. ಮೇಲಿನ ಸಾಲು, ಬರೆದವರು: ಅಲ್ಲಿ ಅವನದೇ ಹೆಸರಿತ್ತು. ಎದ್ದಾಗಿನಿಂದ ಕಾಡುತ್ತಿದ್ದುದು ಇದೇ. ಬರೆದದ್ದು ಅವನಲ್ಲ. ಬರೆದದ್ದು ಇರುವೆ.

ಇರುವೆ ಎಂಬುದು ಮೇಲ್ ವಿಳಾಸದಲ್ಲಿದ್ದ ಅಡ್ಡಹೆಸರು. ಗಂಡೋ ಹೆಣ್ಣೋ ಎಲ್ಲಿಯವರೋ ಗೊತ್ತಿಲ್ಲ. ನಿಜವಾದ ಹೆಸರು ಪ್ಯಾಚಿನ ತಲೆಯಲ್ಲಿ ಇರುತ್ತಿತ್ತು, ಆದರೆ ಇವನ ಮನಸ್ಸಿನಲ್ಲಿ ಅದು ಇರುವೆ ಎಂದೇ ನಿಂತಿತ್ತು: ಇರುವೆ ಕಳಿಸಿತು, ಇರುವೆ ತಿದ್ದಿತು, ಇರುವೆ ಮತ್ತೆ ಬಂತು. ಕಂಪ್ಯೂಟರ್ ನಿದ್ದೆಗೆ ಹೋಗಿ ಎದ್ದ ಮೇಲೆ ಪಟ್ಟಿಯ ಕಟ್ಟಕಡೆಯ ಮೊಳೆಗಳು ಕೆಳಗಿಳಿಯದೆ ಸಿಕ್ಕಿಕೊಳ್ಳುತ್ತವೆ ಎಂಬುದು ಅದರ ದೂರು. ಮೊದಲ ಪತ್ರದಲ್ಲಿ ಬರೆದಿತ್ತು: ‘ಪ್ರತಿ ಸಾಲಿನ ಕೊನೆಗೂ ಯಾರೋ ಒಂದು ಅಕ್ಷರ ಮರೆತು ಬಿಟ್ಟುಹೋದ ಹಾಗೆ ಬೆರಳಿಗೆ ಸಿಗುತ್ತದೆ. ಮೊದಮೊದಲು ಅದನ್ನೂ ಸೇರಿಸಿಕೊಂಡು ಓದುತ್ತಿದ್ದೆ.’ ಅದನ್ನು ಓದಿದ ದಿನ ಅವನು ಆಫೀಸಿನ ಮೇಜಿನ ಅಂಚನ್ನು ಕಣ್ಣು ಮುಚ್ಚಿ ಸವರಿ ನೋಡಿದ್ದ. ಆಮೇಲೆ ಉತ್ತರ ಬರೆದ: ಸಾಲುಗಳು ಉದ್ದವಾಗಿವೆ, ಜಾಗ ಬಿಟ್ಟದ್ದು ಸರಿಯಿಲ್ಲ, ವಿವರಣೆ ಸಾಲದು. ಇರುವೆ ತಿದ್ದಿ ಕಳಿಸಿತು. ಅವನು ಇನ್ನೊಂದು ಕೊಕ್ಕೆ ಹಾಕಿದ. ಎಷ್ಟೋ ಸಲ ಉತ್ತರಿಸಲು ವಾರಗಟ್ಟಲೆ ತಡಮಾಡಿದ. ಆಗ ಲಿಸ್ಟಿನ ರೂಢಿಯಂತೆ ಒಂದು ಸಣ್ಣ ಸಾಲು ಬರುತ್ತಿತ್ತು, ‘ನೆನಪಿಗಾಗಿ, ಅವಸರವಿಲ್ಲ’ ಎಂದು. ಪ್ರತಿ ಸಲವೂ ಕೊನೆಯಲ್ಲಿ ಧನ್ಯವಾದ. ಆ ಧನ್ಯವಾದಗಳು ಕಿಸೆಯಲ್ಲಿ ಉಳಿದ ಚಿಲ್ಲರೆಯ ಹಾಗೆ ಭಾರವಾಗಿ ಗಲಗಲ ಅನ್ನುತ್ತಿದ್ದವು. ಕೊನೆಯ ಸಲ ಮಾತ್ರ ಇರುವೆ ಬೇರೆ ಏನೋ ಸೇರಿಸಿತ್ತು: ‘ಸಾಧ್ಯವಿದ್ದರೆ ಈ ಸಲದ ಕಂತೆಯಲ್ಲಿ ಬರಲಿ. ಒಂದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ, ನನ್ನ ಹೆಸರಲ್ಲಿ ಸೇರಿದ ಒಂದಾದರೂ ಪ್ಯಾಚ್ ತೋರಿಸಬೇಕಂತೆ.’ ತಾರೀಕನ್ನೂ ಹಾಕಿತ್ತು. ಅದು ಇವತ್ತು.

ಮೊನ್ನೆ ಊಟದ ಹೊತ್ತಿನಲ್ಲಿ ಅವನು ಅದನ್ನು ಸೇರಿಸಲು ಕೂತ. ಪ್ಯಾಚನ್ನು ಅದಕ್ಕೆಂದೇ ಇರುವ ತಂತ್ರಾಂಶಕ್ಕೆ ಕೊಟ್ಟರೆ ಅದೇ ನೋಡಿಕೊಳ್ಳುತ್ತದೆ, ಬರೆದವರ ಹೆಸರನ್ನು ತಾನೇ ಮೇಲಿನ ಸಾಲಿಗೆ ಹಾಕುತ್ತದೆ. ಆದರೆ ಅಷ್ಟರಲ್ಲಿ ಬೇರೊಂದು ಬದಲಾವಣೆ ಒಳಗೆ ಹೋಗಿದ್ದರಿಂದ ಇರುವೆಯದು ಕೂಡಿಕೊಳ್ಳಲಿಲ್ಲ. ಮತ್ತೆ ವಾಪಸ್ ಕಳಿಸುವುದಕ್ಕೆ ಮುಖವಿರಲಿಲ್ಲ. ಪಾಪ, ನಾನೇ ಮಾಡಿಬಿಡುತ್ತೇನೆ ಎಂದುಕೊಂಡು, ಒಂದು ಕೈಯಲ್ಲಿ ಚಮಚ ಹಿಡಿದು, ಇನ್ನೊಂದರಲ್ಲಿ ಸಾಲುಸಾಲಾಗಿ ಕುಟ್ಟಿದ. ಕೈಯಲ್ಲಿ ಕುಟ್ಟಿದರೆ ಮೇಲಿನ ಸಾಲಿಗೆ ಬರುವುದು ಕುಟ್ಟಿದವನ ಹೆಸರು. ಅದನ್ನು ನೆನಪಿಟ್ಟು ಬದಲಿಸಬೇಕು. ಅಡಿಯಲ್ಲಿ ಸಹಿ ಎಷ್ಟು ಮಂದಿಯದಾದರೂ ಇರಬಹುದು, ಹಾದುಹೋದ ಕೈಗಳೆಲ್ಲ ಸಹಿ ಹಾಕುತ್ತವೆ. ಮೇಲಿನದು ಒಂದೇ. ತೆರೆಯ ಮೇಲೆ ಅವನ ಹೆಸರು ಮೂಡಿತು. ಅವನು ನೋಡಿದ. ಇದನ್ನೇ ಅವನು ಈಗ ಒದ್ದೆ ನೆಲ ನೋಡುತ್ತ ಸುತ್ತಿ ಸುತ್ತಿ ಮುಟ್ಟುತ್ತಿದ್ದುದು: ನೋಡಿದ್ದ. ಗಮನಿಸದೆ ಹೋಯಿತು ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಂಡಿದ್ದ, ಆದರೆ ಆ ಕ್ಷಣದ ಚಮಚದ ತಣ್ಣಗಿನ ರುಚಿಯೂ ನೆನಪಿತ್ತು. ಹೆಸರು ಚೆನ್ನಾಗಿ ಕಂಡಿತ್ತು. ಎಷ್ಟೋ ಕಾಲದ ಮೇಲೆ, ಮಾಡಿದ ಒಂದು ಕೆಲಸದ ನೆತ್ತಿಯ ಮೇಲೆ, ಕೆಳಗೆಲ್ಲೋ ಸಹಿಗಳ ಗುಂಪಿನಲ್ಲಲ್ಲ, ಒಂಟಿಯಾಗಿ. ಒಂದು ನಿಮಿಷ ಇರಲಿ, ಆಮೇಲೆ ಬದಲಿಸಿದರಾಯಿತು ಎಂದುಕೊಂಡ. ಆಗಲೇ ಪಕ್ಕದ ಮೇಜಿನವಳು, “ಬರ್ತೀರಾ, ಮೀಟಿಂಗಿಗೆ ಬಾಸ್ ಕೂತಾಯ್ತು” ಎಂದು ಕೂಗಿದಳು. ನಿನ್ನೆ ಸಂಜೆ ಕಂತೆ ಕಟ್ಟುವಾಗ ಅವನು ಮೂರನೆಯದನ್ನು ತೆರೆಯಲಿಲ್ಲ. ಉಳಿದವನ್ನೆಲ್ಲ ತೆರೆದಿದ್ದ.

ಈಗಲೂ ಹೊತ್ತು ಮೀರಿರಲಿಲ್ಲ. ದೊಡ್ಡಪ್ಪ ತೆಗೆದುಕೊಳ್ಳುವ ಮೊದಲು ಒಂದು ಸಾಲು ಬರೆದರೆ ಸಾಕು. ತೆಗೆದುಕೊಂಡ ಮೇಲೆ ಅದರ ಮೇಲೆ ಸಾವಿರ ಜನ ಕಟ್ಟುತ್ತ ಹೋಗುತ್ತಾರೆ, ಅಡಿಪಾಯದ ಕಲ್ಲಿನ ಮೇಲಿನ ಹೆಸರನ್ನು ಯಾರೂ ತಿದ್ದಲಾರರು. ಅವನು ಬೆರಳಲ್ಲಿ ಒತ್ತಿದ: ‘ಈ ಕಂತೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಮೂರನೆಯದರಲ್ಲಿ ಹೆಸರು ತಪ್ಪಿಹೋಗಿದೆ.’ ತಪ್ಪಿಹೋಗಿದೆ. ಜಾತ್ರೆಯಲ್ಲಿ ಮಗು ತಪ್ಪಿಹೋದ ಹಾಗೆ, ತಾನಾಗಿಯೇ. ದೊಡ್ಡಪ್ಪ ಏನು ಬರೆಯಬಹುದು ಎಂದು ಯೋಚಿಸಿದ. ಪೋಸ್ಟ್‌ಮ್ಯಾನಿಗೆ ವಿಳಾಸ ಓದಲೂ ಬರುವುದಿಲ್ಲವೇ, ಎಂದೋ. ಹೊಸ ಕಂತೆ ಕಟ್ಟಲು ಲ್ಯಾಪ್‌ಟಾಪ್ ಬೇಕು, ಅದು ಮಲಗುವ ಕೋಣೆಯಲ್ಲಿದೆ, ಇಲ್ಲಿಂದ ಎದ್ದು ಹೋಗುವಂತಿಲ್ಲ. ಈಗ ತಡೆದರೆ ಇವತ್ತು ಸೇರದೆ ಹೋಗಬಹುದು, ಆಗ ಇರುವೆಗೇ ನಷ್ಟ. ಹಾಗಾಗಿ ತಡೆಯದಿರುವುದೇ ಇರುವೆಗೆ ಒಳ್ಳೆಯದೇನೋ. ಈ ತರ್ಕ ಎಷ್ಟು ನುಣುಪಾಗಿ ಬಂತೆಂದರೆ ಅವನಿಗೇ ಸೋಪಿನ ಮೇಲೆ ಕಾಲಿಟ್ಟ ಹಾಗಾಯಿತು. ಬರೆದದ್ದನ್ನು ಅಳಿಸಿದ. ಮತ್ತೆ ಬರೆದ. ಫೋನು ಕೈಯಲ್ಲೇ ನಡುಗಿತು: ಹೆಂಡತಿ.

“ಅಪ್ಪ ಫೋನ್ ಮಾಡಿದ್ರು. ಸಿಕ್ಕಾಕ್ಕೊಂಡಿದ್ದೀಯಂತೆ.”

“ಹೂಂ.”

“ಒಳ್ಳೇದೇ ಆಯ್ತು ಬಿಡು. ಇನ್ನಾದ್ರೂ ಚಿಲಕದ ಕಡೆ ನಿನ್ನ ಕೃಪಾದೃಷ್ಟಿ ಬೀಳುತ್ತೆ.” ಅವಳು ಫಿಸಿಯೋಥೆರಪಿಸ್ಟ್, ಹಿಂದೆ ಯಾರೋ ಮುದುಕರು ಕಾಲೆತ್ತುತ್ತ ನರಳುತ್ತಿದ್ದರು. “ಇನ್ನೂ ಸ್ವಲ್ಪ ಮೇಲೆ ಎತ್ತಿ ಅಜ್ಜ, ನೋವಾದ್ರೆ ಹೇಳಿ. ನಿನಗಲ್ಲ ಹೇಳಿದ್ದು. ಫೋನ್ ಒಳಗೆ ಯಾಕ್ ತಗೊಂಡ್ ಹೋಗಿದ್ದೆ? ಲಿಸ್ಟ್ ನೋಡ್ತಿದ್ಯಾ?”

“ಇಲ್ಲ.”

“ಸುಳ್ಳು ಹೇಳೋವಾಗ ನೀನು ತುಂಬಾ ಬೇಗ ಹೇಳ್ತೀಯ.” ಹಿಂದಿನ ನರಳಾಟ ದೂರವಾಯಿತು. “ಏನಾಯ್ತು?”

ಹೇಳಬಹುದಿತ್ತು. ಮೂರು ವಾಕ್ಯದಲ್ಲಿ ಮುಗಿಯುವ ವಿಷಯ. ಆದರೆ ಅವಳು, ಸರಿ, ತಿದ್ದಿಬಿಡು, ಅದರಲ್ಲೇನಿದೆ ಎನ್ನುತ್ತಾಳೆ. ಅದರಲ್ಲೇನಿದೆ ಎಂಬುದನ್ನು ಅವಳಿಗೆ ತಿಳಿಸಬೇಕೆಂದರೆ ಚಮಚದ ವಿಷಯವನ್ನೂ ಹೇಳಬೇಕಾಗುತ್ತದೆ. “ಏನಿಲ್ಲ. ಆಫೀಸಿಗೆ ಹೊತ್ತಾಯ್ತು,” ಎಂದ.

“ದೊಡ್ಡಪ್ಪ ಬೈದ್ರಾ?”

“ಇನ್ನೂ ಇಲ್ಲ.”

“ಬೈತಾರೆ ಬಿಡು,” ಎಂದು ನಕ್ಕು ಅವಳು ಫೋನಿಟ್ಟಳು. ಅವಳ ನಗು ಇನ್ನೂ ಕಿವಿಯಲ್ಲಿರುವಾಗಲೇ ಅವನು ತೆರೆ ನೋಡಿದ. ಕಂತೆಯ ಕೆಳಗೆ ಹೊಸ ಸಾಲು ಬಂದಿತ್ತು: ‘ತಗೊಂಡೆ.’ ದೊಡ್ಡಪ್ಪ ಎಂದೂ ಅದಕ್ಕಿಂತ ಹೆಚ್ಚು ಬರೆಯುವವನಲ್ಲ.

ಮತ್ತೆ ಅದೇ ನಿರಾಳ, ನಾಚಿಕೆಯಿಲ್ಲದ್ದು, ಕಾಲಿನಿಂದ ಏರಿ ಬಂತು. ಇನ್ನು ತನ್ನ ಕೈಯಲ್ಲಿ ಏನೂ ಇಲ್ಲ. ಹೆಂಡತಿ ಫೋನ್ ಮಾಡದಿದ್ದರೆ ಬರೆದಿರುತ್ತಿದ್ದೆ, ಚಿಲಕ ಮುರಿಯದಿದ್ದರೆ ಲ್ಯಾಪ್‌ಟಾಪಿನ ಹತ್ತಿರ ಇರುತ್ತಿದ್ದೆ. ತಪ್ಪನ್ನು ಅವನು ಮನೆಯವರಿಗೆಲ್ಲ ಒಂದೊಂದು ತುಂಡು ಹಂಚಿದ. ಕನ್ನಡಿಯಲ್ಲಿ ಹೊಟ್ಟೆಯವರೆಗೆ ಟವೆಲ್ ಎತ್ತಿ ಕಟ್ಟಿದ್ದ ಮನುಷ್ಯನೊಬ್ಬ ಕಂಡ. ಕೂದಲು ಒಂದು ಕಡೆ ಒಣಗಿ ಎದ್ದಿತ್ತು, ಇನ್ನೊಂದು ಕಡೆ ಒದ್ದೆಯಾಗಿ ಅಂಟಿತ್ತು.

“ಸಿಕ್ಕಿದ ನಮ್ಮಪ್ಪ,” ಎಂದರು ಮಾವ ಹೊರಗಿನಿಂದ, ಎರಡು ಕಡೆ ಒಟ್ಟಿಗೇ ಮಾತಾಡುವ ದನಿಯಲ್ಲಿ. “ಅಳಿಯಂದ್ರೇ, ಕೀಲು ಯಾವ ಕಡೆ ಇದೆ ಅಂತ ಕೇಳ್ತಿದ್ದಾನೆ.”

“ಒಳಗಡೆ.”

“ಒಳಗಡೆಯಂತಪ್ಪ. ಹ್ಞಾಂ. ಹ್ಞಾಂ. ಹೌದಾ.” ಫೋನು ಕಿವಿಯಿಂದ ಇಳಿಯಿತು. “ಹಾಗಾದ್ರೆ ನಾನು ಬಂದೂ ಒಡೀಬೇಕಷ್ಟೇ, ಒಳಗಿರೋರೇ ಬಿಚ್ಚಿದ್ರೆ ಬಾಗಿಲು ಉಳಿಯುತ್ತೆ ಅಂತಾನೆ. ಕೀಲಿನ ಸ್ಕ್ರೂ ತೆಗೆದ್ರೆ ಆಯ್ತಂತೆ. ಸ್ಕ್ರೂ ಡ್ರೈವರ್ ತೂರಿಸ್ತೀನಿ, ತಗೊಳ್ಳಿ.”

ಬಾಗಿಲಿನ ಕೆಳಗಿನ ಸಂದಿಯಲ್ಲಿ ಮೊದಲು ಮಾವನ ಬೆರಳುಗಳ ತುದಿ ಕಂಡವು, ಹಳೆಯ ಬಣ್ಣ ಉಗುರಿನ ಬುಡದಲ್ಲಿ ಇನ್ನೂ ಉಳಿದ ಬೆರಳುಗಳು. ಆಮೇಲೆ ಹಳದಿ ಹಿಡಿಯ ಸ್ಕ್ರೂ ಡ್ರೈವರ್ ಉರುಳಿ ಬಂತು. ಇಷ್ಟು ಹೊತ್ತೂ ಬಿಚ್ಚುವ ಸ್ಕ್ರೂಗಳೆಲ್ಲ ತನ್ನ ಕಡೆಯೇ ಇದ್ದವು, ತಾನು ಮುರಿದ ಚಿಲಕದ ಕಡೆ ಮಾತ್ರ ನೋಡುತ್ತ ಕೂತಿದ್ದೆ ಎಂಬುದು ಅವನಿಗೆ ಇಷ್ಟವಾಗಲಿಲ್ಲ. ಕೀಲುಗಳ ಮೇಲೆ ಮಾವ ವರ್ಷ ವರ್ಷ ಬಳಿದ ಬಣ್ಣ ದಪ್ಪಗೆ ಕೂತಿತ್ತು. ಸ್ಕ್ರೂವಿನ ತಲೆಯಲ್ಲಿ ಗೀರು ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಹೆಬ್ಬೆರಳಿನಿಂದ ಸವರಿ ಹುಡುಕಿ, ಕೆರೆದು, ಮೊನೆ ಕೂರಿಸಿ ತಿರುಗಿಸಿದ. ಕೆಳಗಿನ ಕೀಲಿನ ಮೊದಲನೆಯದು ಕಿರ್ ಎಂದು ಸಡಿಲಿತು.

“ಮೇಲಿಂದು ಕೊನೆಗೆ ತೆಗೀರಿ. ಇಲ್ದಿದ್ರೆ ಮೈಮೇಲೆ ಬೀಳುತ್ತೆ.”

“ಆಯ್ತು ಮಾವ.”

ಕೆಳಗಿನದು ಪೂರ್ತಿ ಬಿಚ್ಚಿ ಎದ್ದಾಗ ಕಿಟಕಿ ಕಟ್ಟೆಯ ಮೇಲೆ ಫೋನು ಬೆಳಗಿತು. ಇರುವೆ.

ಪತ್ರ ಅವನೊಬ್ಬನಿಗೇ ಬಂದಿತ್ತು, ಲಿಸ್ಟಿಗಲ್ಲ. ‘ಸೇರಿದ್ದು ಓದಿದೆ. ಈಗಷ್ಟೇ ಹಾಕಿ, ಯಂತ್ರ ಮಲಗಿಸಿ ಎಬ್ಬಿಸಿ ನೋಡಿದೆ. ಸಾಲಿನ ಕೊನೆ ಖಾಲಿ ಇದೆ. ಎಷ್ಟು ದಿನದ ಮೇಲೆ ಖಾಲಿ ಇದೆ ಎಂದರೆ, ಸುಮ್ಮನೆ ಅಲ್ಲೇ ಬೆರಳಿಟ್ಟು ಕೂತಿದ್ದೆ. ಧನ್ಯವಾದ. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಮೇಲಿನ ಸಾಲಿನಲ್ಲಿ ನಿಮ್ಮ ಹೆಸರಿದೆ. ಮೊದಲ ಪ್ಯಾಚ್ ಮೇಂಟೇನರ್ ಹೆಸರಲ್ಲಿ ಹೋಗುವುದು ಇಲ್ಲಿನ ಪದ್ಧತಿಯೇ? ಹಾಗಿದ್ದರೆ ಅರ್ಜಿಯಲ್ಲಿ ಹಾಗೆಂದೇ ಬರೆಯುತ್ತೇನೆ. ಎಲ್ಲರ ಮುಂದೆ ಕೇಳುವುದು ಸರಿಯಲ್ಲ ಎನ್ನಿಸಿತು.’

ಅವನು ನಿಂತೇ ಓದಿದ, ಮತ್ತೆ ಓದಿದ. ಬೈದಿದ್ದರೆ ಬೈಗುಳಕ್ಕೊಂದು ಉತ್ತರವಿರುತ್ತಿತ್ತು. ಇಲ್ಲಿ ಪತ್ರ ಬರೆದವರು ಬಾಗಿಲು ತೆರೆದಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದರು. ಹೌದು ಎಂದು ಎರಡಕ್ಷರ ಬರೆದರೆ ಮುಗಿಯಿತು, ನಂಬುತ್ತಾರೆ. ಸಾಲಿನ ಕೊನೆಯ ಅನಾಥ ಅಕ್ಷರವನ್ನೂ ಓದಿಗೆ ಸೇರಿಸಿಕೊಂಡವರು, ಇದನ್ನೂ ಸೇರಿಸಿಕೊಳ್ಳುತ್ತಾರೆ. ನಾಳೆ ಇನ್ನೊಬ್ಬ ಹೊಸಬನಿಗೆ, ಇಲ್ಲಿನ ಪದ್ಧತಿ ಹೀಗೆ ಎಂದು ಇವರೇ ತಿಳಿಸಿ ಹೇಳುತ್ತಾರೆ. ಅವನ ಹೆಬ್ಬೆರಳು ‘ಹೌದು’ ಎಂದು ಒತ್ತಿಯೂ ಆಯಿತು. ತೆರೆಯ ಮೇಲೆ ಆ ಪದ ಕೂತು ಅವನನ್ನು ನೋಡಿತು. ಒಂದು ಸಲ, ಮದುವೆಗೆ ಮುಂಚೆ, ಮಾವ ಅವನನ್ನು ಕೇಳಿದ್ದರು: ಕೆಲಸ ಖಾಯಂ ತಾನೇ? ಆಗಲೂ ಇದೇ ಪದ ಬಾಯಿಂದ ಬೇಗ ಬಂದಿತ್ತು. ಖಾಯಂ ಆದದ್ದು ಎಷ್ಟೋ ದಿನದ ಮೇಲೆ. ಅದು ಯಾರಿಗೂ ಗೊತ್ತಾಗಲಿಲ್ಲ, ಅವನಿಗೂ ಮರೆತೇ ಹೋಗಿತ್ತು. ಈಗ ಯಾಕೆ ನೆನಪಾಯಿತೋ.

“ನಿಂತುಬಿಟ್ರಾ?”

“ಒಂದು ಸ್ಕ್ರೂ ತಿರುಗ್ತಾ ಇಲ್ಲ ಮಾವ.”

“ಒತ್ತಿ ಹಿಡಿದು ತಿರುಗ್ಸಿ. ಅವಸರ ಮಾಡಿದ್ರೆ ತಲೆ ಸವೆದುಹೋಗುತ್ತೆ. ಆಮೇಲೆ ಯಾರಿಂದ್ಲೂ ಆಗಲ್ಲ.”

ಅವನು ‘ಹೌದು’ ಅಳಿಸಿದ. ದಾರಿ ಒಂದೇ ಇತ್ತು, ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಒಳಗೆ ಹೋದದ್ದನ್ನು ತಿದ್ದಲಾಗುವುದಿಲ್ಲ. ಆದರೆ ಅದನ್ನು ರದ್ದು ಮಾಡುವ ಇನ್ನೊಂದು ಪ್ಯಾಚ್ ಕಳಿಸಿ, ಅದರ ಹಿಂದೆಯೇ ಅದೇ ಕೆಲಸವನ್ನು ಇರುವೆಯ ಹೆಸರಲ್ಲಿ ಮತ್ತೆ ಸೇರಿಸಬಹುದು. ರದ್ದು ಮಾಡುವಾಗ ಯಾಕೆ ಎಂದು ಬರೆಯಬೇಕು. ಆ ‘ಯಾಕೆ’ ಆ ಮಹಾವೃಕ್ಷದ ತೊಗಟೆಯಲ್ಲಿ ಕೆತ್ತಿದ ಹಾಗೆ ಅಲ್ಲೇ ಉಳಿಯುತ್ತದೆ. ಇನ್ನು ಮುಂದೆ ಅವನ ಹೆಸರು ಹಾಕಿ ಹುಡುಕಿದವರಿಗೆ ಪೋಸ್ಟ್‌ಮ್ಯಾನಿಗಿಂತ ಮೊದಲು ಇದು ಸಿಗುತ್ತದೆ. ಉತ್ತರದ ವಿಳಾಸದಲ್ಲಿ ಅವನು ಇರುವೆಯ ಜೊತೆಗೆ ಲಿಸ್ಟನ್ನೂ ಸೇರಿಸಿದ, ದೊಡ್ಡಪ್ಪನನ್ನೂ. ಇರುವೆಯ ಖಾಸಗಿ ಪತ್ರದ ಸಾಲುಗಳನ್ನೆಲ್ಲ ತೆಗೆದು ಪ್ರಶ್ನೆಯೊಂದನ್ನೇ ಉಳಿಸಿ, ಕೆಳಗೆ ಬರೆದ: ‘ಇದು ಇಲ್ಲಿನ ಪದ್ಧತಿ ಅಲ್ಲ. ಕೆಲಸ ಪೂರ್ತಿ ನಿಮ್ಮದು. ಕೈಯಲ್ಲಿ ಸೇರಿಸುವಾಗ ಕಣ್ತಪ್ಪಿನಿಂದ ನನ್ನ ಹೆಸರು ಉಳಿದಿದೆ.’

ಕಣ್ತಪ್ಪಿನಿಂದ. ಎಷ್ಟು ಒಳ್ಳೆಯ, ಎಲ್ಲರೂ ಒಪ್ಪುವ ಪದ. ದೊಡ್ಡಪ್ಪನೂ ಒಪ್ಪುತ್ತಾನೆ, ಒಂದು ಸಲ ಗುಡುಗಿ ಬಿಡುತ್ತಾನೆ. ಈ ಸಾಲು ಅಲ್ಲಿ ಎಲ್ಲೋ ಒಂದು ಪಟ್ಟಿಯ ಮೇಲೆ ಮೊಳೆಮೊಳೆಯಾಗಿ ಏಳುತ್ತದೆ, ಒಂದು ಬೆರಳು ಅದರ ಮೇಲೆ ಹಾದು, ಈ ಪದದ ಮೇಲೂ ಹಾದು, ಖಾಲಿ ಕೊನೆಗೆ ಬಂದು ನಿಲ್ಲುತ್ತದೆ. ಅವನು ಆ ಪದದ ಹಿಂದೆ ಬೆರಳಿಟ್ಟು ಒಂದೊಂದೇ ಅಕ್ಷರ ತೆಗೆದ. ಅದರ ಜಾಗಕ್ಕೆ ಬೇರೊಂದು ಪದ ಹುಡುಕಿದ, ಸಿಗಲಿಲ್ಲ. ಕೊನೆಗೆ ವಾಕ್ಯವನ್ನೇ ಮುರಿದ: ‘ಕೈಯಲ್ಲಿ ಸೇರಿಸುವಾಗ ಮೇಲೆ ನನ್ನ ಹೆಸರು ಬಂತು. ನೋಡಿದೆ. ನೋಡಿಯೂ ಬಿಟ್ಟೆ. ಇವತ್ತೇ ಅದನ್ನು ರದ್ದು ಮಾಡಿ ನಿಮ್ಮ ಹೆಸರಲ್ಲಿ ಮತ್ತೆ ಕಳಿಸುತ್ತೇನೆ. ಅಷ್ಟರೊಳಗೆ ಅರ್ಜಿ ಹಾಕಬೇಕಾದರೆ ಈ ಪತ್ರವನ್ನೇ ಜೊತೆಗಿಡಿ.’

ಕಳಿಸಲಿಲ್ಲ. ಫೋನನ್ನು ಕಟ್ಟೆಯ ಮೇಲಿಟ್ಟು ಮೇಲಿನ ಕೀಲಿಗೆ ಸ್ಕ್ರೂ ಡ್ರೈವರ್ ಒತ್ತಿದ. ಒತ್ತಿ ಹಿಡಿದು ತಿರುಗಿಸಿದ. ಬಣ್ಣದ ಸಿಪ್ಪೆ ಕಣ್ಣಿಗೆ ಉದುರಿತು. ಒಂದು ಬಂತು, ಇನ್ನೊಂದು ಬಂತು. ಕೊನೆಯದು ಅರ್ಧ ಬಂದಾಗ ಬಾಗಿಲು ಅವನ ಕಡೆ ಸಣ್ಣಗೆ ವಾಲಿ ಉಸಿರುಬಿಟ್ಟಿತು, ಒಂದು ಮಗ್ಗುಲಲ್ಲಿ ಬೆಳಕಿನ ಗೆರೆ ಬಿತ್ತು, ಆ ಗೆರೆಯಲ್ಲಿ ಮಾವನ ಬಿಳಿ ಬನಿಯನ್ನು, ಒಂದು ಕಣ್ಣು. ಅವನು ಭುಜ ಕೊಟ್ಟು ನಿಂತ. ಹಳೆಯ ಮರದ ಬಾಗಿಲು, ನೆನೆದು ನೆನೆದು ಕಲ್ಲಾದದ್ದು. ಇಷ್ಟು ಭಾರವಿದೆ ಎಂದು ದಿನಾ ತಳ್ಳಿದವನಿಗೂ ಗೊತ್ತಿರಲಿಲ್ಲ. ಹಿಂದೆ ಸರಿಯಲು ಕಮೋಡು ಬಿಡಲಿಲ್ಲ. ಕೊನೆಯ ಸ್ಕ್ರೂ ತಾನಾಗಿಯೇ ಕಳಚಿ ನೆಲದ ಮೇಲೆ ಟಣ್ ಎಂದಿತು.

“ಹಿಡ್ಕೊಂಡಿದ್ದೀರಾ?”

“ಹಿಡ್ಕೊಂಡಿದ್ದೀನಿ.”

“ಚಿಲಕದ ಕಡೆಯಿಂದ ನಿಧಾನಕ್ಕೆ ಜಾರಿಸಿ. ನಾನು ಈ ಕಡೆ ಅಂಚು ಹಿಡೀತೀನಿ. ಒಂದು ನಿಮಿಷ, ಚಪ್ಪಲಿ ಬಿಡ್ತೀನಿ, ಜಾರುತ್ತೆ.”

ಆ ಒಂದು ನಿಮಿಷ ಅವನಿಗಿತ್ತು. ಬಾಗಿಲನ್ನು ಎಡಭುಜದ ಮೇಲೂ ಕೆನ್ನೆಯ ಮೇಲೂ ಹೊತ್ತು, ಬಲಗೈ ಚಾಚಿ, ಕಟ್ಟೆಯ ಮೇಲಿದ್ದ ಫೋನನ್ನು ಬೆರಳ ತುದಿಯಿಂದ ಹತ್ತಿರ ಎಳೆದ. ಮುಖ ತಿರುಗಿಸಲು ಆಗುತ್ತಿರಲಿಲ್ಲ. ಕೆನ್ನೆ ಮರಕ್ಕೆ ಒತ್ತಿತ್ತು, ಓರೆಗಣ್ಣಿಗೆ ತೆರೆಯ ಬೆಳಕಷ್ಟೇ ಕಾಣುತ್ತಿತ್ತು. ಕಳಿಸುವ ಗುರುತು ಬಲಗಡೆ ಮೂಲೆಯಲ್ಲಿರುತ್ತದೆ. ಗಾಜನ್ನು ಸವರಿ ಮೂಲೆ ಹುಡುಕಿದ, ಒತ್ತಿದ. ಪತ್ರ ಹೋದಾಗ ಬರುವ ಸಣ್ಣ ಸದ್ದು ಬಂತು.

ಮಾವನ ಬೆರಳುಗಳು ಸಂದಿಯಲ್ಲಿ ತೂರಿ ಅಂಚು ಹಿಡಿದವು. ಭಾರ ಒಂಚೂರು ಹಗುರಾಯಿತು, ಮತ್ತೆ ವಾಲಿತು. ಅಷ್ಟರಲ್ಲೇ ಕಟ್ಟೆಯ ಮೇಲೆ ಫೋನು ಗುರ್ರೆಂದಿತು. ಒಂದು ಉತ್ತರ. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ನಡುಗುತ್ತ ಅದು ಕಲ್ಲಿನ ಮೇಲೆ ಸರಿಯುತ್ತ, ಅಂಚಿನ ಕಡೆಗೆ ಬರುತ್ತಿತ್ತು. ಅವನ ಎರಡೂ ಕೈ ಬಾಗಿಲಿನ ಮೇಲಿದ್ದವು.

“ಬಿಡಬೇಡಿ ಅಳಿಯಂದ್ರೇ,” ಎಂದರು ಮಾವ, ಏದುಸಿರಿನಲ್ಲಿ. “ಈಗ ಬಿಟ್ರೆ ಇಬ್ರೂ ಅಡಿಗೆ ಬೀಳ್ತೀವಿ.”

“ಇಲ್ಲ ಮಾವ,” ಎಂದ ಅವನು. “ಬಿಡಲ್ಲ.”